ಬಣ್ಣವಿಲ್ಲದ ಮಣಿ

“ಇದಕ್ಕೆ ಬ್ರೇಕ್ ಎಲ್ಲಪ್ಪಾ ಐತೆ?”

ಗಾಳಿಗೆ ಹೇಳಿದ ಮಾತು ಅದು. ಗಾಳಿ ಹೆಲ್ಮೆಟ್ಟಿನೊಳಗೆ ಶಿಳ್ಳೆ ಹಾಕಿತು, ಅಷ್ಟೇ.

ಕೂಟಗಲ್ ರಸ್ತೆಯ ಇಳಿಜಾರು. ಹಿಂದೆ ಚನ್ನಪಟ್ಟಣದ ಸೈಕಲ್ ಹುಡುಗರ ದಂಡು. ಎಲ್ಲರಿಗಿಂತ ಮುಂದೆ ಅವರ ಲೀಡರ್ ಮುನಾವರ್, ನಿಲ್ಲು ನಿಲ್ಲು ಅಂತ ಕೂಗುತ್ತಾ...

ನಿಲ್ಲೋದಾ? ನಾನು ನೀಲಕಂಠ ಸ್ವಾಮಿ! ರಾಮನಗರದಿಂದ ಕನಕಪುರದವರೆಗೆ ಯಾವ ಶೂಟಿಂಗ್ ಬಂದರೂ ಜಾಗ, ಜನ, ಜಗಳ ಎಲ್ಲ ಸೆಟಲ್ ಮಾಡುವವನು. ಯಾರಿಗೂ ಹೆದರುವವನಲ್ಲ.

ಇನ್ನೂ ಜೋರಾಗಿ ತುಳಿದೆ.

ಈ ಸಲ ಬಂದದ್ದು ದೊಡ್ಡ ಬೂಟಿನ ಕಂಪನಿ. ಅವರ ಜಾಹೀರಾತಿಗೆ ‘ರಿಯಲ್ ಸೈಕಲ್ ಕಲ್ಚರ್’ ಬೇಕಂತೆ. ನಮ್ಮ ಹುಡುಗರು ಬ್ರೇಕ್ ಕಿತ್ತೆಸೆದು ಓಡಿಸುತ್ತಾರೆ. ನಿಲ್ಲಬೇಕಾದರೆ ಹವಾಯಿ ಚಪ್ಪಲಿಯನ್ನು ಚಕ್ರಕ್ಕೆ ಒತ್ತುತ್ತಾರೆ. ಚಕ್ರದ ಕಡ್ಡಿಗಳಿಗೆ ಬೊಂಬೆ ಮಾಡುವ ಮರದ ಬಣ್ಣದ ಮಣಿಗಳು. ಅವರಲ್ಲಿ ಯಾರಾದರೂ ಊರು ಬಿಟ್ಟು ಹೋದರೆ, ಮನೆಯವರು ಅವನ ಸೈಕಲ್ಲಿಗೆ ಬಣ್ಣವಿಲ್ಲದ ಮಣಿ ಸಿಕ್ಕಿಸಿ ಇಡುತ್ತಾರೆ. ಅವನು ವಾಪಸ್ ಬಂದ ದಿನ, ಸಿಕ್ಕಿಸಿದ ಕೈಯೇ ಅದಕ್ಕೆ ಅರಗಿನ ಬಣ್ಣ ಹಚ್ಚಬೇಕು.

ಶೂಟಿಂಗಿಗೆ ನಾನು ತಂದುಕೊಟ್ಟದ್ದು ಆ ದಂಡಿನವನೇ ಆದ ಓವೈಸನ ಸೈಕಲ್. ಅಪ್ಪನ ಜೊತೆ ಜಗಳವಾಡಿ ಹೋದವನು, ಒಂದು ಫೋನೂ ಇಲ್ಲ. ಅವನ ತಂಗಿ ಹಿನಾ ಮಣಿ ಮಾಡುತ್ತಾಳೆ. ಕೇಳಿದ ಕೂಡಲೇ ಸೈಕಲ್ ಕೊಟ್ಟಳು.

“ಆ ಬಣ್ಣ ಇಲ್ದಿರೋ ಮಣಿ ಒಂದು ಮುಟ್ಟಬ್ಯಾಡಿ ಅಣ್ಣ.”

ಆಯ್ತಮ್ಮ ಅಂದೆ. ನನ್ನ ಹೊಟ್ಟೆ ತುಂಬಿಸಿರುವುದೇ ಆ ಒಂದು ಮಾತು.

ಜಾಹೀರಾತು ಏಜೆನ್ಸಿಯವರಿಗೆ ಹೇಳುವುದು ಮರೆತೆ. ಅವರು ಅಯ್ಯೋ ಒಂದು ಮಣಿಗೆ ಬಣ್ಣ ಬಿಟ್ಟುಹೋಗಿದೆ ಅಂದುಕೊಂಡು, ಕಂಪನಿಯ ಕಿತ್ತಳೆ ಬಣ್ಣ ಸ್ಪ್ರೇ ಮಾಡಿದರು. ಫೋಟೋ ಹಾಕಿದರು. ಊರೆಲ್ಲ ನೋಡಿತು.

ಹುಡುಗರು ದಂಡುಕಟ್ಟಿ ಬರುವುದು ಕಂಡದ್ದೇ ಸರಿ, ಇವತ್ತು ನನ್ನ ಮೂಳೆ ಎಣಿಸುತ್ತಾರೆ ಅನಿಸಿತು. ಹೀರೋನ ಹೆಲ್ಮೆಟ್ ಸಿಕ್ಕಿಸಿಕೊಂಡೆ. ಕೈಗೆ ಸಿಕ್ಕ ಸೈಕಲ್ ಹತ್ತಿದೆ. ಅದೇ ಸೈಕಲ್... ನನ್ನ ಬುದ್ಧಿ ನೋಡಿ!

ತಿರುವು ಬಂತು. ಅಜ್ಜಿ ದಿನಾ ಬೆಳಗ್ಗೆ ಹಾಡಿ ಕೇಳಿಸಿದ ಪದ್ಯಗಳಲ್ಲಿ ಒಂದಾದರೂ ನೆನಪಾಗಬೇಕಲ್ಲ? ನೆನಪಾದದ್ದು ಇನ್ಶೂರೆನ್ಸ್ ಏಜೆಂಟ್. ಕಂಪನಿ ಕೊಟ್ಟ ಹೊಸ ಬೂಟನ್ನು ಚಕ್ರಕ್ಕೆ ಒತ್ತಿದೆ. ಬೆಣ್ಣೆ ಹಾಗೆ ಜಾರಿತು.

ಬೇಲಿ. ಹಿಪ್ಪುನೇರಳೆ ತೋಟ. ಬಾಯಿ ತುಂಬ ಸೊಪ್ಪು.

ಮುನಾವರ್ ಹಾರಿ ಬಂದ. ಕಣ್ಣು ಮುಚ್ಚಿಕೊಂಡೆ. ಹೊಡೆತ ಬೀಳಲಿಲ್ಲ... ತಬ್ಬಿಕೊಂಡಿದ್ದ.

“ಬಂದ್ಬುಟ್ಟೆ ಕಣ್ಲಾ... ಬಂದ್ಬುಟ್ಟೆ.”

ಅಳುತ್ತಿದ್ದ. ಹೆಲ್ಮೆಟ್ ಬಿಚ್ಚಿದ. ನನ್ನ ಮುಖ ನೋಡಿದ.

“ಥೂ... ನೀಲಕಂಠ.”

ಆಗ ಹೊಳೆಯಿತು. ಮಣಿಗೆ ಬಣ್ಣ ಬಂದಿದೆ ಅಂದರೆ ಓವೈಸ್ ಬಂದಿದ್ದಾನೆ! ಇವರು ನನ್ನನ್ನು ಹೊಡೆಯಲು ಬಂದವರಲ್ಲ. ಅವನನ್ನು ಮನೆಗೆ ಕರೆದೊಯ್ಯಲು ಬಂದವರು.

ಅಷ್ಟರಲ್ಲಿ ಒಂದು ಆಟೋ ನಿಂತಿತು. ಹಿನಾ ಇಳಿದಳು; ಓವೈಸ್ ಸಿಕ್ಕಿದ ಅಂತ ಹುಡುಗರಲ್ಲಿ ಯಾವನೋ ಫೋನ್ ಮಾಡಿದ್ದನಂತೆ. ಕೈಗೆ ಇನ್ನೂ ಮರದ ಪುಡಿ ಮೆತ್ತಿತ್ತು. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದಳು. ಕೊನೆಗೆ ನನ್ನದು.

“ಭಾಯ್ ಎಲ್ಲಿ?”

ಮುನಾವರ್ ಸೈಕಲ್ ಎತ್ತಿ ನಿಲ್ಲಿಸಿದ. ಅವಳು ಚಕ್ರದ ಪಕ್ಕ ಕೂತು, ಉಗುರಿನಲ್ಲಿ ಆ ಕಿತ್ತಳೆ ಬಣ್ಣ ಕೆರೆಯತೊಡಗಿದಳು.

ಏಜೆನ್ಸಿಯ ಲತಾಮಣಿ ಮೇಡಂ ಕಾರಿನಲ್ಲಿ ಬಂದರು. ಡ್ರೋನ್ ಎಲ್ಲ ಸೆರೆಹಿಡಿದಿತ್ತಂತೆ. ಆ ಹುಡುಗಿಯ ಮುಖ ಒಂದಿದ್ದರೆ ಜಾಹೀರಾತು ಗೆದ್ದ ಹಾಗೆ, ಹೇಗಾದರೂ ಒಪ್ಪಿಸಿ ಅಂತ ಕಿವಿಯಲ್ಲಿ ಹೇಳಿದರು. ಒಪ್ಪಿಸುವುದೇ ನನ್ನ ಕಸುಬು. ಬಾಯಿ ತೆರೆದೆ. ಸೊಪ್ಪಷ್ಟೇ ಉದುರಿತು.

ಕುಂಟುತ್ತಾ ಹೋಗಿ ಹಿನಾಳ ಎದುರು ಕೂತೆ. ಜೇಬಿನಿಂದ ಮನೆಯ ಬೀಗದ ಕೈ ತೆಗೆದೆ.

“ಕೊಡಮ್ಮ. ಒಸಿ ನಾನೇ ಕೆರೆದು ಕೊಡ್ತೀನಿ.”

ಅವಳು ತಲೆ ಎತ್ತಲಿಲ್ಲ.

“ಕೊಡಲ್ಲ,” ಅಂದಳು. “ನಿಮಗೆ ಬ್ರೇಕಿಲ್ಲ.”