ಫೇಲಾದ ಒಂದೇ ಒಂದು ಟೆಸ್ಟ್

ಮಡಿಲ ಮೇಲೆ ಕಂಪ್ಯೂಟರಿನ ಡಬ್ಬ ಇಟ್ಟುಕೊಂಡು ಕೂತಿದ್ದವಳನ್ನು ಇಡೀ ಬಸ್ಸೇ ತಿರುಗಿ ನೋಡುತ್ತಿತ್ತು. ನಾಚಿಕೊಳ್ಳುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ಅವಳು ಮಹಿಳೆಯರ ಸಹಾಯ ಕೇಂದ್ರವೊಂದರಲ್ಲಿ ಆಪ್ತಸಲಹೆಗಾರ್ತಿ. ಹನ್ನೊಂದು ವರ್ಷಗಳಿಂದ ಪರರ ಅಳು ಕೇಳಿ, ಕೇಳಿದ್ದನ್ನು ಬರೆದು, ಬೀಗ ಹಾಕಿಡುವುದೇ ಕೆಲಸ. ಬೀಗವೆಂದರೆ ಗೂಢಲಿಪಿಯ ಬೀಗ. ಪಾಸ್‌ವರ್ಡ್ ಗೊತ್ತಿಲ್ಲದವರಿಗೆ ಆ ಫೈಲುಗಳು ಬರೀ ಅಕ್ಷರಗಳ ರಾಶಿ.

ಹಿಂದಿನ ವಾರ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಡಿಸ್ಕೇನೋ ಉಳಿಯಿತು, ಆದರೆ ಬೀಗ ತೆಗೆಯುವ ಲೈಬ್ರರಿ ಎಂಬ ತಂತ್ರಾಂಶ ಹೊಸ ಡೆಸ್ಕ್‌ಟಾಪಿಗೆ ಸಿದ್ಧರೂಪದಲ್ಲಿ ಸಿಗಲಿಲ್ಲ. ಎಲ್ಲರಿಗೂ ಮುಕ್ತವಾಗಿದ್ದ ಅದರ ಸೋರ್ಸ್ ಕೋಡ್ ಇಳಿಸಿಕೊಂಡು ತಾನೇ ಬಿಲ್ಡ್ ಮಾಡಿ ಓಡುವ ಪ್ರೋಗ್ರಾಮಾಗಿ ಕಟ್ಟಿಕೊಳ್ಳಬೇಕಿತ್ತು. ಗುರುವಾರ ಒಬ್ಬಾಕೆಯ ಕೋರ್ಟ್ ವಿಚಾರಣೆ. ಆಕೆಯ ಮೊದಲ ಹೇಳಿಕೆ ಆ ಡಿಸ್ಕಿನೊಳಗಿತ್ತು.

ಎರಡು ದಿನ ಸೂಚನೆಗಳನ್ನು ಸಾಲುಸಾಲಾಗಿ ಓದಿ ಬಿಲ್ಡ್ ಮಾಡಿದಳು. ಕೊನೆಗೆ, ಕಟ್ಟಿದ್ದು ಸರಿಯಾಗಿದೆಯೇ ಎಂದು ನೋಡುವ ಟೆಸ್ಟ್‌ಗಳಲ್ಲಿ ಒಂದೇ ಒಂದು ಫೇಲಾಯಿತು. ಲೈಬ್ರರಿ ನೋಡಿಕೊಳ್ಳುವವರಿಗೆ ಬರೆದಳು. 'ಆ ಟೆಸ್ಟ್ ಬಿಟ್ಟುಬಿಡಿ' ಎಂದು ಉತ್ತರ ಬಂತು. ಅವಳಿಗೆ ಮೈಯೆಲ್ಲ ಉರಿಯಿತು. ಆ ಮನುಷ್ಯ ಇದೇ ಊರಿನ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರು ಎಂದು ಕೇಂದ್ರದ ವಕೀಲೆ ಹೇಳಿದ್ದೇ ತಡ, ಮಂಗಳವಾರ ಬೆಳಿಗ್ಗೆ ಡಬ್ಬ ಎತ್ತಿಕೊಂಡು ಹೊರಟಿದ್ದಳು.

ಲ್ಯಾಬಿನ ಮೂಲೆಯಲ್ಲಿ ಕೂತಿದ್ದವನ ಅಂಗಿಯ ತೋಳಿಗೆಲ್ಲ ಸೀಮೆಸುಣ್ಣದ ಪುಡಿ. ಕಣ್ಣುಗಳು ನಿದ್ದೆ ಕಂಡು ಎಷ್ಟೋ ದಿನವಾದಂತಿದ್ದವು.

"ಬಿಟ್ಟುಬಿಡಿ ಅಂತ ಬರೆದವರು ನೀವೇನಾ?"

"ನಾನು ದಿನಾ ಹತ್ತು ಜನಕ್ಕೆ ಹಾಗೆ ಬರೀತೀನಿ. ನೀವು ಯಾರು ಮೇಡಂ?"

"ಬಿಡದೇ ಇರೋಳು. ಒಂದು ಟೆಸ್ಟ್ ಫೇಲಾಗಿದೆ. ಹೆಂಗಸರು ಹೆತ್ತ ತಾಯಿಗೂ ಹೇಳದೇ ಇದ್ದಿದ್ದನ್ನ ನಂಬಿ ನನಗೆ ಹೇಳಿದ್ದಾರೆ. ಬೀಗ ನೆಟ್ಟಗಿದೆಯೋ ಇಲ್ವೋ ಗೊತ್ತಾಗದೆ ಅದನ್ನ ಹೇಗೆ ಮುಟ್ಲಿ?"

ಅವನು ಜಗಳಕ್ಕೆ ಬರಲಿಲ್ಲ. ಅವಳನ್ನೇ ನೋಡುತ್ತ ಕೇಳಿದ: "ನೀವು ಟೆಸ್ಟ್ ರನ್ ಮಾಡಿದ್ರಾ?"

"ಮಾಡಿ ಅಂತ ಸೂಚನೆಲಿ ಇತ್ತಲ್ಲ."

"ಬರೆದಿದ್ದೇನೋ ನಾನೇ. ಓದೋರು ಇದ್ದಾರೆ ಅಂತ ಗೊತ್ತಿರಲಿಲ್ಲ."

ಆ ಮಾತಿಗೆ ಇಬ್ಬರಿಗೂ ನಗು ಬಂತು. ಸುಸ್ತಾದವರ ನಗು, ಬಂದದ್ದೇ ಬೇಗ ಹೋಯಿತು. ಅವನು ಮೇಜಿನ ಮೇಲಿನ ಪೇಪರು ಸರಿಸಿ ಡಬ್ಬಕ್ಕೆ ಜಾಗ ಮಾಡಿದ.

ಮೊದಲಿನಿಂದ ಬಿಲ್ಡ್ ಶುರುವಾಯಿತು. ಪರದೆಯ ಮೇಲೆ ಸಾಲುಗಳು ಇರುವೆಯಂತೆ ಹರಿಯುತ್ತಿದ್ದವು. ಕಾಯುವುದು ಬಿಟ್ಟು ಬೇರೆ ಕೆಲಸವಿಲ್ಲ. ಅವನ ಬೆರಳುಗಳು ಮೇಜಿನ ಅಂಚನ್ನು ಮೆಲ್ಲಗೆ ತಟ್ಟುತ್ತಿದ್ದವು. ಅವಳು ನೋಡುತ್ತಿದ್ದಾಳೆಂದು ಗೊತ್ತಾದದ್ದೇ, ತಪ್ಪು ಮಾಡಿದವನಂತೆ ಕೈ ಮಡಚಿಕೊಂಡ.

"ಇದನ್ನ ನೋಡ್ಕೊಳ್ಳೋಕೆ ಎಷ್ಟು ಜನ ಇದ್ದೀರಿ?"

"ಇಬ್ಬರಿದ್ವಿ. ಇನ್ನೊಬ್ಬ ಬಿಟ್ಟು ನಾಲ್ಕು ವರ್ಷ ಆಯ್ತು. ಈಗ ನಾನೊಬ್ಬನೇ."

"ಮನೇಲಿ?"

"ಅಲ್ಲೂ ಅಷ್ಟೇ." ಓರೆಗಣ್ಣಲ್ಲಿ ನೋಡಿದ. "ಇದು ಆಪ್ತಸಲಹೆನಾ ಮೇಡಂ, ವಿಚಾರಣೆನಾ?"

ಅವಳ ಕಿವಿ ಬಿಸಿಯಾಯಿತು. ನಲವತ್ತೊಂದರ ವಯಸ್ಸಿನಲ್ಲಿ ಇದೇನು ಎಂದು ತನ್ನನ್ನೇ ಗದರಿಕೊಂಡಳು.

ಸಂಜೆಯಾದರೂ ಟೆಸ್ಟ್ ಪಾಸಾಗಲಿಲ್ಲ. ಮನೆ ಸೇರಿದಾಗ ಅಕ್ಕ ಕೇಳಿದಳು: "ಆಯ್ತೇನೇ?"

"ಇಲ್ಲ ಕಣೇ."

"ಆಗದೇ ಇದ್ದಿದ್ದಕ್ಕೆ ಹೀಗೆ ಹಲ್ಲು ಬಿಡ್ತಿದ್ದೀಯಲ್ಲ, ಆಗಿದ್ದಿದ್ರೆ ಇನ್ನೇನು ಕಥೆಯೋ!"

ಬುಧವಾರ ಮಧ್ಯಾಹ್ನ ಅವನಿಗೆ ತಪ್ಪು ಸಿಕ್ಕಿತು. "ಬೀಗ ಗಟ್ಟಿಯಾಗೇ ಇದೆ ಮೇಡಂ. ಟೆಸ್ಟ್‌ಗೆ ಅಂತ ಇಟ್ಟಿದ್ದ ಮಾದರಿ ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಹೋದ ತಿಂಗಳು ಮುಗಿದಿದೆ. ಹೊಸದು ಹಾಕಬೇಕಿತ್ತು. ಮರೆತೆ."

"ಮರೆತ್ರಾ, ಸಾಕಾಯ್ತಾ?"

ಅವನು ತಲೆ ತಗ್ಗಿಸಿದ. ಹೊರಗೆ ಮೈದಾನದಲ್ಲಿ ಯಾರೋ ಶಿಳ್ಳೆ ಹೊಡೆಯುತ್ತಿದ್ದರು.

"ಸಾಕಾಗಿದೆ. ಈ ಲೈಬ್ರರಿ ನೋಡ್ಕೊಳ್ಳೋದು ಇನ್ನು ನನ್ನ ಕೈಲಾಗಲ್ಲ ಅಂತ ಪತ್ರ ಬರೆದು ತಿಂಗಳಾಯ್ತು. ಯಾರಿಗೆ ಹೇಳಿದ್ರೂ ಬಿಡಬೇಡಿ, ನೀವಿಲ್ದಿದ್ರೆ ಹೇಗೆ ಅಂತಾರೆ. ನೀವೂ ಹಾಗೇ ಅಂತೀರಲ್ಲ?"

"ಇಲ್ಲ. ಬಿಟ್ಟುಬಿಡಿ."

ಅವನು ಮುಖವೆತ್ತಿದ.

"ನಿಜವಾಗ್ಲೂ. ಒಂದಿಷ್ಟು ದಿನ ನೆಮ್ಮದಿಯಾಗಿ ಮಲಗಿ. ಆಮೇಲೆ ಬೇಕು ಅನ್ಸಿದ್ರೆ ಮಾಡಿ, ಇಲ್ದಿದ್ರೆ ಇಲ್ಲ."

ಅವನ ಕಣ್ಣು ಒದ್ದೆಯಾಯಿತು. ಅದನ್ನು ಮುಚ್ಚಿಕೊಳ್ಳಲೆಂಬಂತೆ ಹೊಸ ಸರ್ಟಿಫಿಕೇಟ್ ಹಾಕಿ ಟೆಸ್ಟ್ ರನ್ ಮಾಡಿದ. ಈ ಸಲ ಒಂದೂ ಫೇಲಾಗಲಿಲ್ಲ.

ಅವಳು ಪಾಸ್‌ವರ್ಡ್ ಹಾಕಲು ಕೈ ಮುಂದೆ ಚಾಚುವಷ್ಟರಲ್ಲಿ ಅವನು ತನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಅವಳು ಕೇಳಿರಲಿಲ್ಲ. ಕೇಳದೆಯೇ ಒಬ್ಬ ಮನುಷ್ಯ ಬೆನ್ನು ತಿರುಗಿಸಿ ಕೂತದ್ದು, ಅವಳಿಗೆ ಇಷ್ಟು ವರ್ಷಗಳಲ್ಲಿ ಯಾರೂ ತೋರಿಸದ ಅಕ್ಕರೆಯಂತೆ ಕಂಡಿತು.

ಫೈಲು ತೆರೆಯಿತು. ಹೇಳಿಕೆಯ ಒಂದಕ್ಷರವೂ ಕೆಟ್ಟಿರಲಿಲ್ಲ. ಪ್ರತಿ ತೆಗೆದುಕೊಂಡು ಮತ್ತೆ ಬೀಗ ಹಾಕಿದಳು.

"ಆಯ್ತು, ತಿರುಗಿ," ಎಂದಳು. ಗೋಡೆಗೆ ಮುಖ ಮಾಡಿಕೊಂಡೇ ಅವನು ನಿದ್ದೆ ಹೋಗಿದ್ದ.

ಅವಳಿಗೆ ಎಬ್ಬಿಸಲು ಮನಸ್ಸಾಗಲಿಲ್ಲ. ಕಿಟಕಿಯ ಬಿಸಿಲು ಅವನ ಮುಖಕ್ಕೆ ಬೀಳದಂತೆ ಪರದೆ ಎಳೆದು, ಸದ್ದಿಲ್ಲದೆ ಪಕ್ಕದಲ್ಲಿ ಕೂತಳು. ನಾಲ್ಕರ ಬಸ್ಸು ಹೋಯಿತು. ನಾಲ್ಕೂವರೆಯದೂ ಹೋಯಿತು.

ಐದಕ್ಕೆ ಅವನು ಗಾಬರಿಯಿಂದ ಎದ್ದ. "ಹೋಗಲಿಲ್ವಾ ನೀವು? ಕೆಲಸ ಆಗಲಿಲ್ವಾ?"

"ಆಯ್ತು."

"ಮತ್ತೆ?"

"ಹೇಳದೆ ಹೋಗೋಕೆ ಮನಸ್ಸು ಬರಲಿಲ್ಲ."

ಅವನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. "ಒಂದು ಮಾತು. ತಪ್ಪು ತಿಳ್ಕೋಬೇಡಿ. ನಿನ್ನೆ ಆ ತಪ್ಪು ಸಿಗದೇ ಇರ್ಲಿ ಅಂತ ಅನ್ಸಿತ್ತು. ಸಿಕ್ಕಿಬಿಟ್ರೆ ಇವತ್ತು ನೀವು ಬರ್ತಿರಲಿಲ್ಲ." ಸ್ವರ ಸಣ್ಣದಾಯಿತು. "ನನಗೆ ನೀವು ಬೇಕು ಅನ್ಸುತ್ತೆ."

ಇಷ್ಟು ವರ್ಷ ಅವಳ ಮುಂದೆ ಕೂತು ಸಾವಿರ ಜನ ಮಾತಾಡಿದ್ದರು. ಅವಳಿಗೆಂದೇ ಆಡಿದ ಮಾತು ಅದರಲ್ಲಿ ಒಂದೂ ಇರಲಿಲ್ಲ. ಅವಳು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೊಂದ್ ಸಲ ಹೇಳಿ," ಎಂದಳು. "ನಿಧಾನಕ್ಕೆ."