ಉಸಿರು ಕುಡಿದ ಕುಡಿಕೆ

"ಅದನ್ನ ಮುಟ್ಟಬ್ಯಾಡ್ರಿ," ಎಂದರು ನೀಲಗಂಗವ್ವ.

ಅಳಿಯನೆದುರು ಅವರು ಬಾಯಿ ತೆರೆಯುವುದೇ ಅಪರೂಪ. ಮಗಳ ಮನೆಗೆಂದು ವಿಜಯಪುರದಿಂದ ಆಕ್ಲೆಂಡಿಗೆ ಬಂದು ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಮನೋಹರನ ಜೊತೆ ನೇರವಾಗಿ ಆಡಿದ ಮಾತುಗಳನ್ನು ಬೆರಳು ಮಡಚಿ ಎಣಿಸಬಹುದಿತ್ತು.

ಅವತ್ತು ಭಾನುವಾರ. ಒನೆಹಂಗಾದ ದಂಡೆಯಲ್ಲಿ ಸಮುದ್ರ ಹಿಂದೆ ಸರಿದು, ಕರಿ ಕೆಸರು ಕಣ್ಣು ಹಾಯುವವರೆಗೂ ಬಿದ್ದುಕೊಂಡಿತ್ತು. ಕೊಳೆತ ಪಾಚಿಯ ವಾಸನೆ. ಮನೋಹರ ಬಗ್ಗಿ ಎತ್ತಿದ್ದು ಮುಷ್ಟಿಯಷ್ಟು ದೊಡ್ಡ ಮಣ್ಣಿನ ಕುಡಿಕೆ. ಬಾಯಿಗೆ ಮೇಣ ಮೆತ್ತಿತ್ತು. ಕೊರಳಿಗೆ ಕರಿದಾರ, ದಾರಕ್ಕೆ ಏಳು ಗಂಟು.

"ಯಾಕ್ರೀ ಅತ್ತಿ, ಒಳಗ ದೆವ್ವ ಐತೇನು?"

"ಯಾರದೋ ಜಡ್ಡು ಐತಿ. ಜಡ್ಡಾದವರ ಮೈಮ್ಯಾಲೆ ನಿವಾಳಿಸಿ, ಮಂತ್ರಾ ಹಾಕಿ ಕಟ್ಟಿ ನೀರಿಗೆ ಬಿಟ್ಟಾರ. ನಾವು ಇಂಥಾದ್ದು ಕಂಡ್ರ ಸುತ್ತು ಹಾಕಿ ಹೋಗ್ತೇವಿ, ದಾಟೂದು ಸುದ್ದಾ ಇಲ್ಲ."

ಮನೋಹರ ನಕ್ಕ. "ಈ ದೇಶದಾಗ ಒಂದು ಹಿಡಿ ಮೆಂತ್ಯ ತಂದ್ರ ಏರ್‌ಪೋರ್ಟಿನಾಗ ಹಿಡದು ದಂಡಾ ಹಾಕ್ತಾರ. ಮಂತ್ರಾ ಹೆಂಗ ಬಿಟ್ರು?"

ಕಾರಿನ ಕೀಲಿಯಿಂದ ದಾರ ಹರಿದ, ಮೇಣ ಕೆರೆದ. ಒಳಗೆ ಒದ್ದೆ ಬೂದಿ, ಎಳೆಗೂದಲಿನ ಒಂದು ಸಣ್ಣ ಉಂಡೆ. ಎರಡನ್ನೂ ಕೆಸರಿಗೆ ಬಡಿದು ಕೆಡವಿದ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತೇನೋ. ಅತ್ತೆಯನ್ನು ಇನ್ನಷ್ಟು ರೇಗಿಸುವ ಹುರುಪಿಗೆ ಬಿದ್ದು, ಆರು ವರ್ಷದ ಮಗಳ ಬಾಯಿಗೆ ಕುಡಿಕೆ ಹಿಡಿದ.

"ಊದವಾ ಮೇಧಾ, ಅಜ್ಜಿಯ ದೆವ್ವ ಓಡಿ ಹೋಗಲಿ."

ಮೇಧಾ ಕೆನ್ನೆಯುಬ್ಬಿಸಿ ಊದಿದಳು. ಖಾಲಿ ಕುಡಿಕೆ ಊದಿದರೆ ಹೂಂ ಎಂದು ಸದ್ದು ಬರಬೇಕು. ಬರಲಿಲ್ಲ. ಉಸಿರು ಒಳಗೆ ಹೋಯಿತು, ಅಷ್ಟೇ. ಹುಡುಗಿ ಒಮ್ಮೆ ಕೆಮ್ಮಿದಳು.

ನೀಲಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳಿಯನ ಮನೆಯಲ್ಲಿ ಇರುವ ಅತ್ತೆ ಒಂದು ಮಾತನ್ನು ಎರಡು ಸಲ ಹೇಳುವುದಿಲ್ಲ.

ಮನೋಹರ ಪೆನ್‌ರೋಸಿನ ಗೋದಾಮೊಂದರಲ್ಲಿ ಯಂತ್ರಗಳ ಉಸ್ತುವಾರಿಗೆ ಸೇರಿ ಎಂಟು ತಿಂಗಳು. ಹೊಸ ದೇಶದಲ್ಲಿ ಅವನು ತನಗೆಂದು ಮಾಡಿಕೊಂಡ ಸುಖವೆಂದರೆ ನಡುಮನೆಯಲ್ಲಿದ್ದ ಉಪ್ಪುನೀರಿನ ಅಕ್ವೇರಿಯಂ. ಎರಡು ಕಿತ್ತಳೆ ಮೀನು, ಒಂದಷ್ಟು ಕಲ್ಲು, ಹಗಲಿಡೀ ಗುಳುಗುಳು ಎನ್ನುವ ಪಂಪು. ಕುಡಿಕೆಯನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಕಲ್ಲುಗಳ ನಡುವೆ ಇಟ್ಟ. ಎಷ್ಟು ತೊಳೆದರೂ ಸುಟ್ಟ ಕೂದಲಿನ ಕಮಟು ಹೋಗಲಿಲ್ಲ.

ಒಂಬತ್ತನೆಯ ಸಂಜೆ ಮೇಧಾ ಕೂಗಿದಳು. "ಪಪ್ಪಾ, ಸೀ! ಟೈನಿ ಜೆಲ್ಲಿಫಿಶ್!"

ಟ್ಯಾಂಕಿನ ದೀಪ ಆರಿತ್ತು. ಗಾಜಿಗೆ ಅಂಟಿದಂತೆ, ನೆನೆಸಿದ ಸಬ್ಬಕ್ಕಿ ಕಾಳಿನಷ್ಟು ಸಣ್ಣ ಜೀವಗಳು. ನಲವತ್ತೋ ಐವತ್ತೋ. ನೀರಿಗೇ ಕಣ್ಣು ಮೂಡಿದ ಹಾಗೆ. ಕೊಡೆ ಮುಚ್ಚಿ ತೆರೆದಂತೆ ಮೈ ಮುದುಡುತ್ತಿದ್ದವು, ಅರಳುತ್ತಿದ್ದವು. ಎಲ್ಲವೂ ಒಟ್ಟಿಗೆ.

ಮನೋಹರ ಹಿಗ್ಗಿ ವಿಡಿಯೋ ಮಾಡಿದ. ಮೀನಿನಂಗಡಿಯವನು ನೋಡಿ, ಕಲ್ಲಿನ ಜೊತೆ ಇವುಗಳ ಬೀಜ ಬಂದಿರುತ್ತದೆ, ಕೆಲವು ವಾರದಲ್ಲಿ ತಾವಾಗಿಯೇ ಹೋಗುತ್ತವೆ ಎಂದ. ಅದನ್ನೇ ಮನೋಹರ ಅತ್ತೆಗೆ ಕೇಳಿಸುವಂತೆ ಗಟ್ಟಿಯಾಗಿ ಹೆಂಡತಿ ಸ್ನೇಹಲ್‌ಗೆ ಹೇಳಿದ.

ನೀಲಗಂಗವ್ವ ಅವನತ್ತ ನೋಡಲಿಲ್ಲ, ಟ್ಯಾಂಕನ್ನೇ ನೋಡುತ್ತಿದ್ದರು. ಸೋಫಾದ ಮೇಲೆ ಮಲಗಿದ್ದ ಮೊಮ್ಮಗಳ ಎದೆಯ ಮೇಲೆ ಅವರ ಅಂಗೈ ಇತ್ತು. ಎದೆ ಏರಿದಾಗ ಗಾಜಿನಾಚೆ ಅವು ಅರಳಿದವು. ಎದೆ ಇಳಿದಾಗ ಮುದುಡಿದವು. ಹುಡುಗಿ ನಿದ್ದೆಯಲ್ಲಿ ಒಮ್ಮೆ ಬಿಕ್ಕಿದಳು. ಅಷ್ಟೂ ಜೀವ ಒಮ್ಮೆಲೇ ಬೆಚ್ಚಿದವು.

ಆ ವಾರದಲ್ಲಿ ಮೇಧಾಳಿಗೆ ಉಬ್ಬಸ ಶುರುವಾಯಿತು. ಚಳಿಗಾಲ, ಥಂಡಿ ಮನೆ, ಮಕ್ಕಳಿಗೆ ಸಾಮಾನ್ಯ ಎಂದು ಡಾಕ್ಟರು ಬಾಯಿಗೆ ಮದ್ದು ಊದುವ ನೀಲಿ ಪಂಪು ಕೊಟ್ಟರು. ಟ್ಯಾಂಕಿನಲ್ಲಿ ಅವು ದಿನದಿನಕ್ಕೆ ಹೆಚ್ಚಿದವು. ಹುಡುಗಿ ದಿನದಿನಕ್ಕೆ ಬತ್ತಿದಳು. ನಾಲ್ಕು ಮೆಟ್ಟಿಲು ಹತ್ತಿದರೆ ಸಾಕು, ಒಡೆದ ಪೀಪಿಯ ಹಾಗೆ ಎದೆ ಸೀಟಿ ಹಾಕುತ್ತಿತ್ತು.

ಶನಿವಾರ ಸ್ನೇಹಲ್ ಆಸ್ಪತ್ರೆಯ ಕೆಲಸಕ್ಕೆ ಹೋಗಿದ್ದಳು. ಐದೂವರೆಗೆಲ್ಲ ಕತ್ತಲು. ಸೋಫಾದ ಮೇಲೆ ನಿದ್ದೆಹೋದ ಮೇಧಾಳ ಎದೆ ಸೀಟಿ ಹಾಕುತ್ತಿತ್ತು. ಹೊರಗೆ ಗಾಳಿ ಕಿಟಕಿ ಅಲುಗಿಸುತ್ತಿತ್ತು.

"ನೀರಾಗಿನ ಆ ಹುಳಾ ಕೂಸಿನ ಉಸಿರು ಹಿಡದಾವ," ಎಂದರು ನೀಲಗಂಗವ್ವ ಬಾಗಿಲ ಮರೆಯಿಂದ. "ನಾ ಲೆಕ್ಕಾ ಹಾಕಿ ನೋಡೇನಿ."

"ಸಾಕ್ ಮಾಡ್ರಿ ಅತ್ತಿ! ಹುಡುಗಿ ಕಿವಿಗೆ ಬಿದ್ರ ಹೆದರಿ ಸಾಯ್ತಾಳ. ಇವನ್ನ ಈಗ ಮುಗಿಸಿಬಿಡ್ತೀನಿ, ನಿಮ್ಮ ಕತಿನೂ ಮುಗೀತದ."

ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿ ಅವನ ಬಳಿ ಇತ್ತು. ಮೀನು ತಡೆಯುತ್ತದೆ, ಇಂಥ ಲೋಳೆಯ ಜೀವ ತಡೆಯುವುದಿಲ್ಲ. ಅತ್ತೆ ಅಡ್ಡ ಬರುವಷ್ಟರಲ್ಲಿ ಎರಡು ಮುಚ್ಚಳ ಸುರಿದ. ನೀರಿನಲ್ಲಿ ನೀಲಿ ಹೊಗೆ ಇಳಿಯಿತು.

ಅವು ನಿಂತವು.

ಹಿಂದೆ ಸೋಫಾದಲ್ಲಿ ಸೀಟಿಯ ಸದ್ದೂ ನಿಂತಿತು.

ಮನೋಹರ ತಿರುಗಿದ. ಮೇಧಾಳ ಬಾಯಿ ತೆರೆದಿತ್ತು. ಕಣ್ಣು ತೆರೆದಿತ್ತು. ಎದೆ ಏಳುತ್ತಿರಲಿಲ್ಲ. ತುಟಿ ನೇರಳೆ ಹಣ್ಣು ತಿಂದ ಹಾಗೆ. ಮದ್ದಿನ ಪಂಪು ಅವಳ ಬಾಯಿಗಿಟ್ಟು ಒತ್ತಿದ. ಮತ್ತೆ ಒತ್ತಿದ. ಮದ್ದಿನ ಹೊಗೆ ತುಟಿಯಿಂದಲೇ ಹಿಂದಕ್ಕೆ ಬಂತು. 111ಕ್ಕೆ ಫೋನು. ಆಂಬ್ಯುಲೆನ್ಸ್ ಬರುತ್ತಿದೆ, ಹತ್ತು ನಿಮಿಷ ಎಂದರು. ಹತ್ತು ನಿಮಿಷ!

"ಅವನ್ನ ಉಳಸ್ರಿ! ಮದಲ ಅವನ್ನ ಉಳಸ್ರಿ!" ಎಂದು ಚೀರಿದರು ನೀಲಗಂಗವ್ವ.

ನೀರು ಬದಲಿಸಲು ಕಲಸಿಟ್ಟ ಉಪ್ಪುನೀರು ಬಕೀಟಿನಲ್ಲಿತ್ತು. ಟ್ಯಾಂಕಿನ ಜೀವಗಳನ್ನು ತಂಬಿಗೆಯಿಂದ ಅದಕ್ಕೆ ಮೊಗೆದ. ಸುರಿದ. ಮೊಗೆದ. ಬೆರಳ ಸಂದಿಯಲ್ಲಿ ಅವು ಕರಗಿದವು. ಹತ್ತು. ಐದು. ಗಂಜಿಯ ಹಾಗೆ ತೇಲಿದವು. ಒಂದೇ ಒಂದು ಉಳಿಯಿತು. ಮುದುಡಿತು. ಅರಳಿತು.

ಮೇಧಾ ದಾರದಷ್ಟು ಸಣ್ಣ ಉಸಿರೆಳೆದಳು.

ನೀಲಗಂಗವ್ವ ಅದನ್ನು ಸ್ಟೀಲಿನ ಲೋಟಕ್ಕೆ ತುಂಬಿದರು. "ಇದೂ ಸಾಯ್ತದ. ಸಾಯೂದರೊಳಗ ಯಾರರೆ ತಾವಾಗಿ ತಗೋಬೇಕು. 'ಈ ಜಡ್ಡು ನಂದು' ಅಂದು ನುಂಗಬೇಕು. ನಮ್ಮ ದೊಡ್ಡವ್ವ ನುಂಗಿದ್ದು ನಾ ಸಣ್ಣಾಕಿದ್ದಾಗ ಕಂಡೇನಿ."

"ಆಮ್ಯಾಲೆ... ನಿಮ್ಮ ದೊಡ್ಡವ್ವ?"

ನೀಲಗಂಗವ್ವ ಲೋಟವನ್ನು ಅವನ ಕೈಗೆ ಕೊಟ್ಟರು. ದಾರ ಹರಿದವನು ಅವನು. ಊದಿಸಿದವನು ಅವನು.

ಮನೋಹರ ಲೋಟ ಎತ್ತಿದ. ಸುಟ್ಟ ಕೂದಲಿನ ಕಮಟು ಮೂಗಿಗೆ ಅಡರಿತು. ಉಪ್ಪು ತುಟಿಗೆ ತಾಗಿತು. ನೀರಿನ ಮೇಲ್ಮೈಯಲ್ಲಿ ಅದು ಮೆಲ್ಲಗೆ ಅವನ ಬಾಯಿಯ ಕಡೆಗೇ ತೇಲಿ ಬಂತು.

"ಈ ಜಡ್ಡು..." ಎಂದ. ನಾಲಗೆ ನಿಂತಿತು. ಮಗಳನ್ನು ನೋಡಿದ. ಲೋಟ ನೋಡಿದ. ಮಗಳ ಎದೆ ಒಮ್ಮೆ ಅಲುಗಿತು. ಮತ್ತೆ ಅಲುಗಲಿಲ್ಲ. ಅವನ ಬಾಯಿ ತೆರೆಯಲಿಲ್ಲ.

"ಕೊಡು ಇತ್ತ," ಎಂದರು ನೀಲಗಂಗವ್ವ. ಅಳಿಯನನ್ನು ಅವರು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಅವನು ಕೊಟ್ಟ. ಬೇಡವೆನ್ನಲಿಲ್ಲ. ಆ ಒಂದು ಮಾತು ಆಡಲು ಹೊತ್ತಿತ್ತು, ಆಡಲಿಲ್ಲ.

"ಈ ಜಡ್ಡು ನಂದು," ಎಂದು ಹಿರಿಯಾಕೆ ಒಂದೇ ಗುಟುಕಿಗೆ ನುಂಗಿದರು.

ಮೇಧಾ ಕಿರುಚಿ ಎದ್ದಳು. ಎದೆತುಂಬ ಗಾಳಿ ಎಳೆದು, ಗಟ್ಟಿಯಾಗಿ ಅಳತೊಡಗಿದಳು. ನೀಲಗಂಗವ್ವ ಗೋಡೆ ಹಿಡಿದು ಜಾರುತ್ತ ಕೂತರು. ಲೋಟ ನೆಲಕ್ಕೆ ಬಿದ್ದು ಉರುಳಿತು.

ಆಂಬ್ಯುಲೆನ್ಸಿನವರು ಒಳಗೆ ಓಡಿ ಬಂದು ಕೂಸು ಎಲ್ಲೆಂದು ಕೇಳಿದರು. ಅಳುತ್ತಿದ್ದ ಕೂಸನ್ನು ನೋಡಿದರು, ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿದರು, ಏನೂ ಇಲ್ಲವೆಂದು ತಲೆಯಲ್ಲಾಡಿಸಿದರು. ಆಮೇಲೆ ಮೂಲೆಯಿಂದ ಬರುತ್ತಿದ್ದ ಸೀಟಿ ಕೇಳಿಸಿತು.

ಸ್ಟ್ರೆಚರಿನ ಮೇಲೆ, ಮುಖಕ್ಕೆ ಮಾಸ್ಕು ಹಾಕುವ ಮುಂಚೆ, ನೀಲಗಂಗವ್ವ ಅಳಿಯನನ್ನು ಕೈಸನ್ನೆಯಿಂದ ಹತ್ತಿರ ಕರೆದರು. ಅವನು ಬಗ್ಗಿದ. ಬೈಗುಳ ಬರುತ್ತದೆಂದು ಕಾದ. ಬಂದರೆ ಸಾಕೆಂದೂ ಕಾದ.

"ಸ್ನೇಹಲ್ ಕೇಳತಾಳ," ಎಂದರು, ಒಂದೊಂದು ಮಾತಿಗೂ ಗಾಳಿ ಹುಡುಕುತ್ತ. "ನೀವ ಕುಡಿಯಾಕ ಹೊಂಟಿದ್ರಿ... ನಾ ಕಸಗೊಂಡೆ... ಅಂತ ಹೇಳ್ರಿ."

ಸ್ನೇಹಲ್ ಬಂದು ಕೇಳಿದಾಗ ಮನೋಹರ ಹಾಗೆಯೇ ಹೇಳಿದ.