ಗುಂಡಿಯೊಳಗಿನ ಮರಳಿನ ಗೆರೆ

“ಏ ಶರಣಮ್ಮಾ, ಆ ಗುಂಡಿಗೆ ಯಾಕ ಕೆಸರು ಮೆತ್ತಾಕತ್ತಿ?”

ಹಿಂದೆ ಅವ್ವ ನಿಂತಿದ್ದಳು. ಶರಣಮ್ಮ ಥಟ್ಟನೆ ಕೈ ಬೆನ್ನಿಗೆ ಕಟ್ಟಿಕೊಂಡಳು. ಕಳ್ಳನ ಮನಸ್ಸು ಹುಳ್ಳಗೆ ಅನ್ನುತ್ತಾರಲ್ಲ, ಹಾಗೆ.

“ಸುಮ್ನ, ಆಟ.”

“ಆಟ ಸಾಕು. ಅಪ್ಪ ಕಂಬ ನಿಲ್ಲಿಸ್ತಾನ, ಏಳು.”

ಊರು ಬಿಟ್ಟು ಮರಾಠಿ ಸೀಮೆಯ ಹಿಂಜವಾಡಿಗೆ ದೊಡ್ಡ ಬಿಲ್ಡಿಂಗ್ ಕೆಲಸಕ್ಕೆ ಬಂದ ಅವರು ಕೆರೆ ದಂಡೆಯಲ್ಲಿ ತಗಡಿನ ಶೆಡ್ ಹಾಕುತ್ತಿದ್ದರು. ಜಾಗ ಹುಡುಕಿದ್ದು ಶರಣಮ್ಮನೇ. ಇಲ್ಲಾದರೆ ನಳ ಪಕ್ಕದಲ್ಲೇ. ಮೇಲಿನ ದಿಬ್ಬದಲ್ಲಾದರೆ ದಿನಾ ಕೊಡ ಹೊತ್ತು ಹತ್ತಬೇಕು. ಹೊರುವವರು ಯಾರು? ಅವಳೇ!

ಆದರೆ ನಿನ್ನೆ ಶಾಲೆಗೆ ಕಾಲೇಜಿನ ಮೇಡಂ ಒಬ್ಬರು ಬಂದಿದ್ದರು. ಇದೇ ಕೆರೆಯ ತಳಕ್ಕೆ ಪೈಪ್ ಇಳಿಸಿ ತೆಗೆದ ಮಣ್ಣನ್ನು ಉದ್ದಕ್ಕೆ ಸೀಳಿ ತೋರಿಸಿದರು. ಕಪ್ಪು ಮಣ್ಣಿನ ನಡುನಡುವೆ ಬಿಳಿ ಮರಳಿನ ಗೆರೆಗಳಿದ್ದವು.

“ಈ ಮರಳನ್ನು ತಂದದ್ದು ಹಳೆಯ ಪ್ರವಾಹಗಳು,” ಎಂದು ಅವರು ಮರಾಠಿಯಲ್ಲಿ ಹೇಳಿದ್ದರು. “ಹಿಂದೆ ಬಂದದ್ದು ಗೊತ್ತಿದ್ದರೆ ಮುಂದೆ ಎಲ್ಲಿ ಹುಷಾರಾಗಿರಬೇಕು ಅಂತ ತಿಳಿಯುತ್ತದೆ.”

ಇವತ್ತು ಅಪ್ಪ ತೋಡಿದ ಗುಂಡಿಯಲ್ಲೂ ಅಂಥದೇ ಗೆರೆ! ಮೇಡಂ ಹೇಳಿದ್ದನ್ನೆಲ್ಲ ಅವಳು ತಮ್ಮ ಮನೋಹರನಿಗೆ ಆಗಲೇ ಹೇಳಿಬಿಟ್ಟಿದ್ದಳು. ಅವನು ಗೆರೆ ನೋಡಿದರೆ ಡಂಗುರ ಸಾರುತ್ತಾನೆ. ಅದಕ್ಕೇ ಕೆಸರು ಮೆತ್ತಿದ್ದಳು.

ಅಪ್ಪ ತಾಯಪ್ಪ ಕಂಬ ಎತ್ತಿದ. ಮನೋಹರ ಆಗಲೇ ಗುಂಡಿ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ್ದ.

“ಇದು ನನ್ನ ಮೂಲಿ! ದಿನಾ ಇಲ್ಲೇ ಮಲಗ್ತೀನಿ.”

ಶರಣಮ್ಮ ಅವನ ಚಾಪೆ ಹಿಡಿದು ಎಳೆದಳು.

“ಅಪ್ಪಾ, ಇಲ್ಲಿ ಬ್ಯಾಡ!”

ಕೆಸರು ಕೆರೆದು ಗೆರೆ ತೋರಿಸಿದಳು. ಮೇಡಂ ಹೇಳಿದ್ದನ್ನೆಲ್ಲ ಗಡಿಬಿಡಿಯಲ್ಲಿ ಒದರಿದಳು.

ಅಪ್ಪ ಮರಳನ್ನು ಬೆರಳಲ್ಲಿ ತಿಕ್ಕಿ ನೋಡಿದ. “ಇಲ್ಲಿತನಕ ನೀರು ಬಂದಿತ್ತಾ? ಯಾವಾಗ?”

“ಗೊತ್ತಿಲ್ಲಪ್ಪ. ಆದ್ರ ಬಂದಿತ್ತು.”

ಅಪ್ಪ ಕೆರೆ ನೋಡಿದ, ಮನೋಹರನನ್ನು ನೋಡಿದ. “ದಿಬ್ಬಕ್ಕ ಹೋದ್ರ ನೀರು ಹೊರಾಕಿ ನೀನಽ ನೋಡವ್ವ.”

“ಹೂಂ,” ಅಂದಳು. ಅಳು ಬಂದಿತ್ತು.

ಮರುದಿನ ಕೊಡ ಹೊತ್ತು ದಿಬ್ಬ ಹತ್ತುವಾಗ ಕುತ್ತಿಗೆ ನೋಯುತ್ತಿತ್ತು. ದಣಿದು ನಿಂತು, ತಿರುಗಿ ನೋಡಿದಳು. ಅವರು ಬಿಟ್ಟುಬಂದ ಜಾಗದಲ್ಲಿ ಬೇರೆ ಯಾರೋ ತಗಡು ಇಳಿಸುತ್ತಿದ್ದರು. ಅವಳಷ್ಟೇ ಎತ್ತರದ ಹುಡುಗಿಯೊಬ್ಬಳು ನಳಕ್ಕೆ ಕೈಯೊಡ್ಡಿ ನಗುತ್ತಿದ್ದಳು. ಪಾಪ, ಎಷ್ಟು ಖುಷಿ ಅವಳಿಗೆ!

ಗುಂಡಿಯನ್ನು ಅಪ್ಪ ಮುಚ್ಚಿಬಿಟ್ಟಿದ್ದ. ಅವರಿಗೆ ಗೆರೆ ಕಾಣುವುದಿಲ್ಲ.

ಮನೆ ಇನ್ನು ನಾಲ್ಕು ಹೆಜ್ಜೆ ಇತ್ತು. ಶರಣಮ್ಮ ಕೊಡವನ್ನು ಅಲ್ಲೇ ಇಳಿಸಿ, ಕೆಳಗೆ ಓಡಿದಳು.